ಡೆಸ್ಕ್‌ಟಾಪಿನಲ್ಲಿ ಗೇಮ್ ಓಡದಿದ್ದರೆ: ಫಾರ್ಮ್ಯಾಟ್ ಮಾಡಿಸುವ ಮೊದಲು ಅನುಸರಿಸಬೇಕಾದ ಕ್ರಮ

ಗೇಮ್ ತೆರೆಯದಿದ್ದಾಗ ಮೈಸೂರು, ಮಂಡ್ಯ ಕಡೆಯ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ ಕಥೆ. ಮೊದಲು ಗೇಮನ್ನು ಪೂರ್ತಿ ಅಳಿಸಿ ಮತ್ತೆ ಡೌನ್‌ಲೋಡ್‌ಗೆ ಹಾಕುತ್ತಾರೆ. ಅದರಿಂದ ಪ್ರಯೋಜನವಾಗದಿದ್ದರೆ ವಿಂಡೋಸನ್ನು ಫಾರ್ಮ್ಯಾಟ್ ಮಾಡಿಸುತ್ತಾರೆ. ಅದೂ ಫಲಿಸದಿದ್ದಾಗ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸದರ ಬೆಲೆ ವಿಚಾರಿಸುತ್ತಾರೆ. ಈ ಮೂರೂ ಕೊನೆಯಲ್ಲಿ ಮಾಡಬೇಕಾದ ಕೆಲಸಗಳು. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ 80 ಜಿಬಿ ಗೇಮನ್ನು ಮತ್ತೆ ಇಳಿಸಿಕೊಳ್ಳಲು 40 ದಿನ ಬೇಕು. ಇನ್ನು ಫಾರ್ಮ್ಯಾಟ್ ಮಾಡಿದರೆ, ಗೇಮ್ ಏಕೆ ನಿಂತಿತೆಂದು ವಿಂಡೋಸ್ ತಾನೇ ಬರೆದಿಟ್ಟಿರುವ ದಾಖಲೆಯೂ ಅಳಿಸಿಹೋಗುತ್ತದೆ.

ಕೆಳಗಿನ ಹಂತಗಳು ವಿಂಡೋಸ್ 10 ಅಥವಾ 11 ಇರುವ ಡೆಸ್ಕ್‌ಟಾಪ್‌ಗಳಿಗೆ ಅನ್ವಯಿಸುತ್ತವೆ. ಖರ್ಚಿಲ್ಲದ, ತಪ್ಪಾದರೆ ಹಿಂದಿನ ಸ್ಥಿತಿಗೆ ತರಬಹುದಾದ ಕೆಲಸಗಳನ್ನು ಮುಂದಿಟ್ಟು, ಸ್ಕ್ರೂ ಬಿಚ್ಚುವ ಕೆಲಸಗಳನ್ನು ಹಿಂದಿಟ್ಟಿದ್ದೇನೆ. ಈ ಕ್ರಮವನ್ನು ಬದಲಿಸಬೇಡಿ.

## ಸಿದ್ಧತೆ: ಕೈಯಲ್ಲಿ ಇರಬೇಕಾದವು

ಒಂದು ನೋಟ್‌ಬುಕ್, ಪರದೆಯ ಚಿತ್ರ ತೆಗೆಯಲು ಫೋನ್, ಒಂದು ಸ್ಟಾರ್ ಸ್ಕ್ರೂಡ್ರೈವರ್, ಮೆತ್ತನೆಯ ಪೇಂಟ್ ಬ್ರಷ್, ಖಾಲಿ ಪೆನ್‌ಡ್ರೈವ್ ಇಷ್ಟು ಸಾಕು. ತಂತ್ರಾಂಶಗಳಲ್ಲಿ ಬಿಸಿ ಅಳೆಯಲು ಎಚ್‌ಡಬ್ಲ್ಯುಇನ್ಫೋ, ಕಾರ್ಡಿನ ಅಸಲಿತನ ನೋಡಲು ಜಿಪಿಯು-ಝಡ್, ಹಳೆಯ ಡ್ರೈವರನ್ನು (ಕಾರ್ಡನ್ನು ನಡೆಸಲು ವಿಂಡೋಸಿಗೆ ಬೇಕಾದ ತಂತ್ರಾಂಶ) ಬೇರುಸಹಿತ ತೆಗೆಯಲು ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಬೇಕಾಗುತ್ತವೆ. ಮೂರೂ ಉಚಿತ.

ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಗೇಮ್ ತೆರೆದು ನೋಡಿ, ಫಲಿತಾಂಶವನ್ನು ಬರೆದಿಟ್ಟುಕೊಂಡು ಮುಂದಕ್ಕೆ ಹೋಗಿ. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವರಿಗೆ ಗೇಮ್ ಓಡಿದರೂ ಏಕೆ ಓಡಿತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ನಿಂತಾಗ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಆಟದ ಸೇವ್ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವುದನ್ನೂ ಮರೆಯಬಾರದು. ಅವು ಹೆಚ್ಚಾಗಿ ಡಾಕ್ಯುಮೆಂಟ್ಸ್ ಅಥವಾ ಆಪ್‌ಡೇಟಾ ಫೋಲ್ಡರಿನಲ್ಲಿ ಇರುತ್ತವೆ.

## ಹಂತ 1: ಗೇಮ್ ಯಾವ ಘಳಿಗೆಯಲ್ಲಿ ನಿಲ್ಲುತ್ತದೆ?

“ಗೇಮ್ ಓಪನ್ನೇ ಆಯ್ತಿಲ್ಲ ಕಣಣ್ಣ” ಎಂದು ಮಂಡ್ಯದ ಹುಡುಗರು ಹೇಳುವ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳಿರಬಹುದು. ಡಬಲ್ ಕ್ಲಿಕ್ ಮಾಡಿದ ಮೇಲೆ ಏನೂ ಆಗದಿರುವುದು ಒಂದು. ದೋಷದ ಸಂದೇಶವಿರುವ ಪೆಟ್ಟಿಗೆ ಬಂದು ನಿಲ್ಲುವುದು ಎರಡನೆಯದು. ಕಂಪನಿಯ ಲಾಂಛನ ಅಥವಾ ಕಪ್ಪು ಪರದೆ ಕಾಣಿಸಿ ತಾನಾಗಿ ಮುಚ್ಚಿಕೊಳ್ಳುವುದು ಮೂರನೆಯದು. ಚೆನ್ನಾಗಿ ಹತ್ತಿಪ್ಪತ್ತು ನಿಮಿಷ ಓಡಿ ನಂತರ ಗೇಮ್ ಮಾತ್ರವೋ ಇಡೀ ಕಂಪ್ಯೂಟರೋ ನಿಲ್ಲುವುದು ನಾಲ್ಕನೆಯದು.

ಮೊದಲ ಮೂರಕ್ಕೆ ಹಂತ 2ರಿಂದ ಕ್ರಮವಾಗಿ ಹೋಗಬೇಕು. ನಾಲ್ಕನೆಯದಕ್ಕೆ ಹಂತ 3ರ ದಾಖಲೆ ಓದಿಕೊಂಡು ನೇರವಾಗಿ ಹಂತ 7ಕ್ಕೆ ಹೋಗಬಹುದು, ಏಕೆಂದರೆ ಒಂದಷ್ಟು ಹೊತ್ತು ಸರಿಯಾಗಿ ಓಡಿದ ಗೇಮಿನಲ್ಲಿ ಫೈಲು ಇಲ್ಲವೆಂಬ ದೋಷ ಇರುವ ಸಾಧ್ಯತೆ ಕಡಿಮೆ. ಜೊತೆಗೆ ಇನ್ನೊಂದು ಪ್ರಶ್ನೆಗೂ ಉತ್ತರ ಬರೆದಿಡಿ: ಇದೊಂದೇ ಗೇಮ್ ಓಡುತ್ತಿಲ್ಲವೋ, ಯಾವ ಗೇಮೂ ಓಡುತ್ತಿಲ್ಲವೋ? ಒಂದೇ ಆದರೆ ಅದರ ಫೈಲುಗಳನ್ನು ಅನುಮಾನಿಸಿ. ಎಲ್ಲವೂ ಆದರೆ ಡ್ರೈವರ್, ವಿಂಡೋಸ್ ಅಥವಾ ಯಂತ್ರವನ್ನು ಅನುಮಾನಿಸಿ.

## ಹಂತ 2: ಐದು ನಿಮಿಷದ ತಪಾಸಣೆ

ಮಾನಿಟರ್ ಕೇಬಲ್ ಎಲ್ಲಿ ಸೇರಿದೆ ಎಂಬುದನ್ನು ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡ ಮೇಲೂ ಕೇಬಲನ್ನು ಮದರ್‌ಬೋರ್ಡಿನ ಹಳೆಯ ಕಿಂಡಿಗೇ ಚುಚ್ಚಿದ್ದರೆ ಎಷ್ಟೋ ಗೇಮುಗಳು ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ಹಿಡಿದುಕೊಂಡು ತೆವಳುತ್ತವೆ ಅಥವಾ ತೆರೆಯುವುದೇ ಇಲ್ಲ. ಕೇಬಲ್ ಕೆಳಗಡೆ ಅಡ್ಡಡ್ಡವಾಗಿರುವ ಕಾರ್ಡಿನ ಕಿಂಡಿಯಲ್ಲಿ ಇರಬೇಕು.

ನಂತರ ಗಡಿಯಾರ. ಆಫೀಸುಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿರುವುದು ಸಾಮಾನ್ಯ. ಪ್ಲಗ್ ತೆಗೆದು ಹಾಕಿದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಆಗ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳು ಹೊಂದಿಕೆಯಾಗದೆ ಸ್ಟೀಮ್, ಎಪಿಕ್‌ನಂಥ, ಗೇಮ್ ಕೊಂಡು ಓಡಿಸುವ ಲಾಂಚರುಗಳು ಲಾಗಿನ್ ಆಗುವುದಿಲ್ಲ. ಅಗ್ಗದ ಈ ಬ್ಯಾಟರಿಯನ್ನು ಬದಲಿಸಿದರೆ ಮುಗಿಯಿತು, ಆದರೆ ಬದಲಿಸಿದ ಮೇಲೆ ಬಯೋಸ್ (ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ ತಂತ್ರಾಂಶ) ಸೆಟ್ಟಿಂಗುಗಳು ಮೂಲಸ್ಥಿತಿಗೆ ಹೋಗಿರುತ್ತವೆ ಎಂಬುದು ನೆನಪಿರಲಿ. ಬಿಚ್ಚುವ ಮೊದಲೇ ಬಯೋಸಿನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಸಿ ಡ್ರೈವಿನಲ್ಲಿ ಕನಿಷ್ಠ 20 ಜಿಬಿ ಖಾಲಿ ಜಾಗ ಇರಲಿ. ರ‍್ಯಾಮ್ ಸಾಕಾಗದಾಗ ವಿಂಡೋಸ್ ಬಳಸುವ ಪೇಜ್ ಫೈಲನ್ನು “ವೇಗ ಹೆಚ್ಚಿಸಲು” ಆಫ್ ಮಾಡಿಕೊಂಡಿದ್ದರೆ ಅದನ್ನು ಮತ್ತೆ ವಿಂಡೋಸಿನ ನಿರ್ವಹಣೆಗೇ ಬಿಡಿ. ಇಂಥ ಸಲಹೆಗಳಿಂದ ಹೆಚ್ಚಿದ ವೇಗಕ್ಕಿಂತ ನಿಂತ ಗೇಮುಗಳೇ ಹೆಚ್ಚು.

## ಹಂತ 3: ವಿಂಡೋಸ್ ಬರೆದಿಟ್ಟ ದಾಖಲೆಯನ್ನು ಓದುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಗೇಮ್ ನಿಂತ ತಕ್ಷಣ ಸಮಯವನ್ನು ಬರೆದುಕೊಂಡು, ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಎಂದು ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್ ಆರಿಸಿ. ಕೆಂಪು ಗುರುತಿನ ಸಾಲುಗಳು ನೂರಾರು ಇರುತ್ತವೆ, ಅವನ್ನೆಲ್ಲ ನೋಡಿ ಗಾಬರಿಯಾಗಬೇಕಿಲ್ಲ. ನೀವು ಬರೆದುಕೊಂಡ ನಿಮಿಷಕ್ಕೆ ಸರಿಹೊಂದುವ, ಐಡಿ 1000 ಇರುವ “ಅಪ್ಲಿಕೇಶನ್ ಎರರ್” ಸಾಲು ಮಾತ್ರ ಬೇಕು.

ಆ ಸಾಲಿನ ಮೇಲೆ ಕ್ಲಿಕ್ ಮಾಡಿದಾಗ ಕೆಳಗೆ ಮೂರು ಮುಖ್ಯ ಮಾಹಿತಿ ಕಾಣುತ್ತವೆ: ನಿಂತ ಪ್ರೋಗ್ರಾಮಿನ ಹೆಸರು, ಅದು ನಿಂತಾಗ ಯಾವ ಮಾಡ್ಯೂಲಿನೊಳಗೆ (ಅಂದರೆ ಯಾವ ಫೈಲಿನೊಳಗೆ) ಇತ್ತು ಎಂಬುದು ಮತ್ತು ತಪ್ಪಿನ ಬಗೆಯನ್ನು ಹೇಳುವ ಎಕ್ಸೆಪ್ಶನ್ ಕೋಡ್. ಮಾಡ್ಯೂಲಿನ ಹೆಸರು ‘ಎನ್‌ವಿ’ ಎಂದು ಶುರುವಾದರೆ ಎನ್‌ವಿಡಿಯಾ ಡ್ರೈವರ್, ‘ಎಟಿಐ’ ಅಥವಾ ‘ಎಎಂಡಿ’ ಎಂದಿದ್ದರೆ ಎಎಂಡಿ ಡ್ರೈವರ್, ‘ಐಜಿಡಿ’ ಎಂದಿದ್ದರೆ ಇಂಟೆಲ್ ಗ್ರಾಫಿಕ್ಸ್. ಇವು ಕಂಡರೆ ಹಂತ 5 ನಿಮ್ಮ ದಾರಿ. ಎನ್‌ಟಿಡಿಎಲ್‌ಎಲ್ ಅಥವಾ ಕರ್ನಲ್‌ಬೇಸ್ ಎಂದು ಕಂಡ ಮಾತ್ರಕ್ಕೆ ವಿಂಡೋಸ್ ಕೆಟ್ಟಿದೆಯೆಂದು ಹೇಳಲಾಗದು. ಎಲ್ಲ ಪ್ರೋಗ್ರಾಮುಗಳೂ ಅವುಗಳ ಮೂಲಕವೇ ಹಾದುಹೋಗುವುದರಿಂದ, ಬೇರೆಲ್ಲೋ ಆದ ತಪ್ಪು ಅಲ್ಲಿ ಬಂದು ಸಿಕ್ಕಿಬೀಳುತ್ತದೆ.

ಎಕ್ಸೆಪ್ಶನ್ ಕೋಡಿನ ಕೊನೆಯ ನಾಲ್ಕು ಅಕ್ಷರಗಳನ್ನು ನೋಡಿ. 007ಬಿ ಎಂದಿದ್ದರೆ 32 ಬಿಟ್ ಮತ್ತು 64 ಬಿಟ್ ಫೈಲುಗಳು ಬೆರೆತಿವೆ. 0135 ಎಂದರೆ ಬೇಕಾದ ಡಿಎಲ್‌ಎಲ್ ಫೈಲು (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಹಾಯಕ ಫೈಲು) ಸಿಕ್ಕಿಲ್ಲ. 0142 ಎಂದರೆ ಸಿಕ್ಕರೂ ಶುರುವಾಗಿಲ್ಲ. ಈ ಮೂರಕ್ಕೂ ಪರಿಹಾರ ಹಂತ 4ರಲ್ಲಿದೆ. 0005 ಎಂಬುದು ಮೆಮೊರಿಯ ತಪ್ಪು ಜಾಗಕ್ಕೆ ಕೈ ಹಾಕಿದ್ದರ ಗುರುತು. ಇದು ಹಾಳಾದ ಫೈಲಿನಿಂದಲೂ, ಡ್ರೈವರಿನಿಂದಲೂ, ರ‍್ಯಾಮಿನಿಂದಲೂ ಬರಬಹುದಾದ್ದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಬಾರದು.

001ಡಿ ಬಂದರೆ ಮಾತ್ರ ವಿಷಯ ಬೇರೆ. ಗೇಮ್ ಕೇಳಿದ ಸೂಚನೆಯೊಂದು ನಿಮ್ಮ ಪ್ರೊಸೆಸರಿಗೆ ಗೊತ್ತೇ ಇಲ್ಲ ಎಂಬುದು ಇದರ ಅರ್ಥ. ಕೆಲವು ಹೊಸ ಗೇಮುಗಳು ಕೇಳುವ ಎವಿಎಕ್ಸ್2 ಎಂಬ ಸೂಚನಾ ಗುಂಪು ಇಂಟೆಲ್ ಪ್ರೊಸೆಸರುಗಳಲ್ಲಿ ಬಂದದ್ದು 2013ರ ನಾಲ್ಕನೇ ಪೀಳಿಗೆಯಿಂದ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗಲೂ ಓಡಾಡುವ ಎರಡು, ಮೂರನೇ ಪೀಳಿಗೆಯ ಐ5, ಐ7 ಗಳಲ್ಲಿ ಅದಿಲ್ಲ. ಅಂಥ ಯಂತ್ರಕ್ಕೆ ಎಷ್ಟೇ ಒಳ್ಳೆಯ ಕಾರ್ಡ್ ಹಾಕಿದರೂ ಆ ಗೇಮ್ ತೆರೆಯುವುದಿಲ್ಲ, ಅಂಗಡಿಯವರು ಫಾರ್ಮ್ಯಾಟ್ ಮಾಡಿದರೂ ತೆರೆಯುವುದಿಲ್ಲ.

ಇಡೀ ಕಂಪ್ಯೂಟರ್ ನಿಂತಿದ್ದರೆ ಅಪ್ಲಿಕೇಶನ್ ಬದಲು ಸಿಸ್ಟಮ್ ಎಂಬ ದಾಖಲೆಯನ್ನು ನೋಡಿ. ಕರ್ನಲ್-ಪವರ್ 41 ಎಂಬ ಸಾಲು ಯಂತ್ರ ಸರಿಯಾಗಿ ಮುಚ್ಚದೆ ನಿಂತಿತೆಂದು ಮಾತ್ರ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಅದರ ಹಿಂದುಮುಂದೆ ವ್ಹೀ-ಲಾಗರ್ ಎಂಬ ಹೆಸರಿದ್ದರೆ ಯಂತ್ರಾಂಶದ ದೋಷವೆಂದು ತಿಳಿಯಿರಿ. ಡಿಸ್‌ಪ್ಲೇ 4101 ಇದ್ದರೆ ಗ್ರಾಫಿಕ್ಸ್ ಡ್ರೈವರ್ ಉಸಿರುಗಟ್ಟಿ ಮತ್ತೆ ಎದ್ದಿದೆ.

## ಹಂತ 4: ಗೇಮಿನ ಫೈಲುಗಳು ಮತ್ತು ಅದರ ಸಂಗಾತಿಗಳು

ಮೊದಲು ಗೇಮಿನ ಫೈಲುಗಳನ್ನು ಪರಿಶೀಲನೆಗೆ ಹಾಕಿ. ಸ್ಟೀಮಿನಲ್ಲಿ ಗೇಮಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ ಎಂಬಲ್ಲಿಗೆ ಹೋಗಬೇಕು. ಎಪಿಕ್‌ನಲ್ಲಿ ಮ್ಯಾನೇಜ್ ಒಳಗೆ ವೆರಿಫೈ ಇದೆ. ಇದು ಕೆಟ್ಟ ಫೈಲುಗಳನ್ನು ಮಾತ್ರ ಮತ್ತೆ ಇಳಿಸಿಕೊಳ್ಳುವುದರಿಂದ ಡೇಟಾ ಬಹಳ ಖರ್ಚಾಗುವುದಿಲ್ಲ. ಒಂದೆರಡು ಫೈಲುಗಳು ವಿಫಲವಾದವೆಂಬ ಸಂದೇಶ ಪ್ರತಿ ಸಲವೂ ಬರುತ್ತಿದ್ದರೆ ಅವು ಸೆಟ್ಟಿಂಗ್ ಫೈಲುಗಳಾಗಿರಬಹುದು, ಚಿಂತೆ ಬೇಡ. ಪ್ರತಿ ಸಲವೂ ನೂರಾರು ಫೈಲುಗಳು ವಿಫಲವಾದರೆ ಅದು ಎಚ್ಚರಿಕೆಯ ಗಂಟೆ: ಹಾರ್ಡ್ ಡಿಸ್ಕ್ ಅಥವಾ ರ‍್ಯಾಮ್ ಕೈಕೊಡುತ್ತಿದೆ. ಆಗ ಬೇರೆಲ್ಲ ಬಿಟ್ಟು ಮನೆಯ ಫೋಟೋ, ಕಾಗದಪತ್ರಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ.

ನಂತರ ಡಿಎಲ್‌ಎಲ್ ಸಮಸ್ಯೆ. ಪೆಟ್ಟಿಗೆಯಲ್ಲಿ ಎಂಎಸ್‌ವಿಸಿಪಿ140 ಅಥವಾ ವಿಸಿರನ್‌ಟೈಮ್140 ಎಂಬ ಹೆಸರು ಬಂದರೆ ಮೈಕ್ರೋಸಾಫ್ಟಿನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಬೇಕು. 2015ರಿಂದ 2022ರವರೆಗಿನವು ಒಂದೇ ಕಂತೆಯಲ್ಲಿ ಬರುತ್ತವೆ. ವಿಂಡೋಸ್ 64 ಬಿಟ್ ಇದ್ದರೂ ಎಕ್ಸ್86 ಮತ್ತು ಎಕ್ಸ್64 ಎರಡನ್ನೂ ಹಾಕಬೇಕು, ಏಕೆಂದರೆ 32 ಬಿಟ್ ಗೇಮಿಗೆ ಎಕ್ಸ್86 ಕಂತೆಯೇ ಬೇಕು. 64 ಬಿಟ್ ಒಂದನ್ನೇ ಹಾಕಿ ಸುಮ್ಮನಾಗುವುದು ಬಹಳ ಜನ ಮಾಡುವ ತಪ್ಪು. ಡಿ3ಡಿಎಕ್ಸ್9 ಅಥವಾ ಎಕ್ಸ್‌ಇನ್‌ಪುಟ್1_3 ಎಂದು ಬಂದರೆ ಮೈಕ್ರೋಸಾಫ್ಟ್ 2010ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ಡೈರೆಕ್ಟ್‌ಎಕ್ಸ್ (ಗೇಮಿನ ಚಿತ್ರ, ಧ್ವನಿಗೆ ಬೇಕಾದ ಫೈಲುಗಳ) ಕಂತೆ ಬೇಕು. ವಿಂಡೋಸಿನಲ್ಲಿ ಡೈರೆಕ್ಟ್‌ಎಕ್ಸ್ 12 ಇದ್ದ ಮಾತ್ರಕ್ಕೆ ಈ ಹಳೆಯ ಫೈಲುಗಳು ಅದರ ಜೊತೆ ಬರುವುದಿಲ್ಲ.

ಒಂದೊಂದೇ ಡಿಎಲ್‌ಎಲ್ ಕೊಡುವ ಜಾಲತಾಣಗಳಿಂದ ಫೈಲು ತಂದು ಸಿಸ್ಟಮ್32 ಫೋಲ್ಡರಿಗೆ ಹಾಕಬೇಡಿ. 007ಬಿ ದೋಷದ ಒಂದು ಮೂಲವೇ ಈ ಅಭ್ಯಾಸ. ವೈರಸ್ಸಿನ ಭಯ ಇದ್ದೇ ಇದೆ.

ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಹಿಸ್ಟರಿ ತೆರೆದು, ಗೇಮಿನ ಫೈಲನ್ನು ಅದು ಎತ್ತಿಟ್ಟುಕೊಂಡಿದೆಯೇ ನೋಡಿ. ಹಣ ಕೊಟ್ಟು ಅಧಿಕೃತ ಲಾಂಚರಿನಿಂದ ಪಡೆದ ಗೇಮಾದರೆ ಆ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಬಹುದು. ಸ್ನೇಹಿತರ ಪೆನ್‌ಡ್ರೈವಿನಲ್ಲಿ ಬಂದ ಕ್ರ್ಯಾಕ್ ಮಾಡಿದ ಗೇಮಾದರೆ ಈ ಮಾರ್ಗದರ್ಶಿ ಇಲ್ಲಿಗೇ ಮುಗಿಯುತ್ತದೆ: ಆಂಟಿವೈರಸ್ ಆಫ್ ಮಾಡಿ ಓಡಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅದೇ ಕಂಪ್ಯೂಟರಿನಲ್ಲಿ ಅಪ್ಪ ಅಮ್ಮ ಬ್ಯಾಂಕ್ ಖಾತೆ ತೆರೆಯುತ್ತಾರೆ.

ಇನ್ನು ನಮ್ಮವರಿಗೇ ವಿಶೇಷವಾಗಿ ಕಾಡುವ ಒಂದು ತೊಂದರೆ ಇದೆ. ವಿಂಡೋಸ್ ಹಾಕುವಾಗ ಅಕೌಂಟಿನ ಹೆಸರನ್ನು ಪ್ರೀತಿಯಿಂದ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೆ ಸಿ ಡ್ರೈವಿನ ಯೂಸರ್ಸ್ ಒಳಗಿನ ನಿಮ್ಮ ಫೋಲ್ಡರಿನ ಹೆಸರೂ ಕನ್ನಡದಲ್ಲೇ ಇರುತ್ತದೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ನಿರೀಕ್ಷಿಸಿ ಬರೆದ ಕೆಲವು ಗೇಮುಗಳು, ಅದರಲ್ಲೂ ಹಳೆಯವು, ಆ ದಾರಿಯನ್ನು ಓದಲಾರದೆ, ಯಾವ ಸಂದೇಶವನ್ನೂ ಕೊಡದೆ ಮುಚ್ಚಿಕೊಳ್ಳುತ್ತವೆ. ಕೆಲವು ತೆರೆದರೂ ಆಟವನ್ನು ಸೇವ್ ಮಾಡುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಹೆಸರು ಬದಲಿಸಿದರೆ ಫೋಲ್ಡರಿನ ಹೆಸರು ಬದಲಾಗುವುದಿಲ್ಲ, ಫೋಲ್ಡರಿನ ಹೆಸರನ್ನೇ ನೇರವಾಗಿ ತಿದ್ದಲು ಹೋದರೆ ಅಕೌಂಟೇ ಕೆಡುತ್ತದೆ. ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲಿ ಹೊಸ ಲೋಕಲ್ ಅಕೌಂಟ್ ತೆರೆದು ಅಲ್ಲಿಂದ ಗೇಮ್ ಓಡಿಸಿ ನೋಡುವುದೇ ಸರಿಯಾದ ಪರೀಕ್ಷೆ. ಅಲ್ಲಿ ಓಡಿದರೆ ಕಾರಣ ಸಿಕ್ಕಂತೆ. ಗೇಮನ್ನು ಹಾಕುವ ಫೋಲ್ಡರಿಗೂ ಇದೇ ಮಾತು ಅನ್ವಯಿಸುತ್ತದೆ.

ಕಪ್ಪು ಪರದೆ ಬಂದು ಮುಚ್ಚಿಕೊಳ್ಳುವ ಗೇಮಾದರೆ ಅದರ ಸೆಟ್ಟಿಂಗ್ ಫೈಲಿನ ಹೆಸರನ್ನು ಬದಲಿಸಿ ನೋಡಿ. ಅಳಿಸಬೇಡಿ, ಹಿಂದೆ ‘ಹಳೆಯದು’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಕು; ಗೇಮ್ ಹೊಸದೊಂದನ್ನು ತಾನೇ ಬರೆದುಕೊಳ್ಳುತ್ತದೆ. ಹಳೆಯ ಮಾನಿಟರಿನ ರೆಸಲ್ಯೂಶನ್ ಆ ಫೈಲಿನಲ್ಲಿ ಉಳಿದುಕೊಂಡಿರುವುದೂ ಉಂಟು. ಡಿಸ್ಕಾರ್ಡ್, ಆಫ್ಟರ್‌ಬರ್ನರ್ ಮುಂತಾದವು ಗೇಮಿನ ಮೇಲೆ ತೋರಿಸುವ ಓವರ್‌ಲೇಗಳನ್ನೂ ಮುಚ್ಚಿ ಪರೀಕ್ಷಿಸಿ.

## ಹಂತ 5: ಗ್ರಾಫಿಕ್ಸ್ ಡ್ರೈವರ್

ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ವಿಭಾಗದಲ್ಲಿ “ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್” ಎಂದು ಇದ್ದರೆ ಡ್ರೈವರ್ ಇಲ್ಲವೇ ಇಲ್ಲ ಎಂದರ್ಥ. ಕಾರ್ಡಿನ ಹೆಸರು ಸರಿಯಾಗಿದ್ದರೂ ಹಂತ 3ರಲ್ಲಿ ಡ್ರೈವರಿನ ಹೆಸರು ಬಂದಿದ್ದರೆ ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕಬೇಕು. ಕ್ರಮ ಹೀಗಿದೆ: ಹೊಸ ಡ್ರೈವರನ್ನು ತಯಾರಕರ ತಾಣದಿಂದ ಮೊದಲೇ ಇಳಿಸಿಕೊಳ್ಳಿ, ನೆಟ್ ಕೇಬಲ್ ತೆಗೆಯಿರಿ ಅಥವಾ ವೈಫೈ ಆಫ್ ಮಾಡಿ (ಇಲ್ಲದಿದ್ದರೆ ನಡುವೆ ವಿಂಡೋಸ್ ತನ್ನದೇ ಡ್ರೈವರನ್ನು ತಂದು ತುಂಬುತ್ತದೆ), ಸೇಫ್ ಮೋಡಿಗೆ (ವಿಂಡೋಸಿನ ಅಗತ್ಯ ಭಾಗಗಳಷ್ಟೇ ಓಡುವ ಸ್ಥಿತಿಗೆ) ಹೋಗಿ ಡಿಡಿಯು ಓಡಿಸಿ, ಮಾಮೂಲಿ ಸ್ಥಿತಿಗೆ ಬಂದು ಹೊಸದನ್ನು ಹಾಕಿ.

ಹೊಸ ಡ್ರೈವರ್ ಯಾವಾಗಲೂ ಉತ್ತಮ ಎಂಬ ನಂಬಿಕೆ ಬೇಡ. ನಿನ್ನೆಯವರೆಗೆ ಓಡಿದ ಗೇಮ್ ಡ್ರೈವರ್ ಅಪ್‌ಡೇಟಿನ ಮರುದಿನ ನಿಂತರೆ ಹಿಂದಿನ ಆವೃತ್ತಿಗೇ ಮರಳಿ. ಹಳೆಯ ಕಾರ್ಡುಗಳಿಗೆ ಇನ್ನೊಂದು ಮಿತಿಯಿದೆ: ಎನ್‌ವಿಡಿಯಾದ ಕೆಪ್ಲರ್ ಕಾರ್ಡುಗಳಿಗೆ, ಅಂದರೆ ಜಿಟಿಎಕ್ಸ್ 600 ಮತ್ತು 700 ಸರಣಿಯ ಹೆಚ್ಚಿನವಕ್ಕೆ, ಹೊಸ ಗೇಮ್ ಡ್ರೈವರುಗಳು 2021ರಲ್ಲೇ ನಿಂತವು, 900 ಮತ್ತು 1000 ಸರಣಿಗೆ 2025ರ ಅಕ್ಟೋಬರಿನಲ್ಲಿ ನಿಂತವು. ಡೈರೆಕ್ಟ್‌ಎಕ್ಸ್ 12 ಬೆಂಬಲವಿಲ್ಲ ಎಂಬ ಸಂದೇಶ ಬಂದರೆ ಸ್ಟೀಮಿನ ಲಾಂಚ್ ಆಪ್ಶನ್ಸಿನಲ್ಲಿ ಅಡ್ಡಗೆರೆಯ ಮುಂದೆ ಇಂಗ್ಲಿಷಿನಲ್ಲಿ ‘ಡಿಎಕ್ಸ್11’ ಎಂದು ಬರೆದು ನೋಡಿ. ಅನ್‌ರಿಯಲ್ ಎಂಜಿನ್ನಿನ ಹಲವು ಗೇಮುಗಳು ಇದನ್ನು ಒಪ್ಪುತ್ತವೆ.

ಸೆಕೆಂಡ್ ಹ್ಯಾಂಡ್ ಕಾರ್ಡಾದರೆ ಜಿಪಿಯು-ಝಡ್ ತೆರೆಯಿರಿ. ಹಳೆಯ ಕಾರ್ಡಿನ ಬಯೋಸ್ ತಿದ್ದಿ ಹೊಸದರ ಹೆಸರು ಕೊಟ್ಟು ಮಾರುವುದುಂಟು, ಅಂಥದ್ದನ್ನು ಗುರುತಿಸಿದಾಗ ಈ ತಂತ್ರಾಂಶ ಹೆಸರಿನ ಜೊತೆಯಲ್ಲೇ ನಕಲಿ ಎಂದು ತೋರಿಸುತ್ತದೆ. ಹಾಗೆ ಕಂಡರೆ ಯಾವ ಡ್ರೈವರಿನಿಂದಲೂ ಪ್ರಯೋಜನವಿಲ್ಲ.

## ಹಂತ 6: ಸೆಕ್ಯೂರ್ ಬೂಟ್ ಕೇಳುವ ಗೇಮುಗಳು

ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 (ಯಂತ್ರದ ಭದ್ರತಾ ಘಟಕ) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ತ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ವ್ಯವಸ್ಥೆ) ಎರಡೂ ಆನ್ ಇರಬೇಕು; 2025ರ ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದಿಲ್ಲ. ಬಯೋಸಿಗೆ ಕೈ ಹಾಕುವ ಮೊದಲು ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಎಂಬ ಸಾಲನ್ನು ಓದಿ. ಅಲ್ಲಿ ಯುಇಎಫ್‌ಐ ಎಂದಿದ್ದರೆ ಸೆಕ್ಯೂರ್ ಬೂಟ್ ಆನ್ ಮಾಡಬಹುದು. ಲೆಗಸಿ ಎಂದಿದ್ದರೆ ಡಿಸ್ಕನ್ನು ಎಂಬಿಆರ್ ಎಂಬ ಹಳೆಯ ವಿಧಾನದಲ್ಲಿ ಭಾಗ ಮಾಡಲಾಗಿದೆ. ಅದನ್ನು ಮೈಕ್ರೋಸಾಫ್ಟಿನ ಎಂಬಿಆರ್2ಜಿಪಿಟಿ ಉಪಕರಣದಿಂದ ಜಿಪಿಟಿ ಎಂಬ ಹೊಸ ವಿಧಾನಕ್ಕೆ ಬದಲಿಸದೆ ಬಯೋಸಿನಲ್ಲಿ ಸಿಎಸ್‌ಎಂ (ಹಳೆಯ ಲೆಗಸಿ ಬಗೆಯಲ್ಲಿ ಏಳಲು ಬಿಡುವ ಆಯ್ಕೆ) ಆಫ್ ಮಾಡಿದರೆ ವಿಂಡೋಸೇ ಏಳುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

## ಹಂತ 7: ಆಡುತ್ತಾ ಆಡುತ್ತಾ ನಿಲ್ಲುವುದು

ಬಿಸಿಯಿಂದ ಶುರು ಮಾಡಿ. ಎಚ್‌ಡಬ್ಲ್ಯುಇನ್ಫೋವನ್ನು ಹಿನ್ನೆಲೆಯಲ್ಲಿ ಬಿಟ್ಟು ಹದಿನೈದು ನಿಮಿಷ ಆಡಿ, ನಂತರ ಅತಿ ಹೆಚ್ಚಿನ ಉಷ್ಣತೆಯ ಕಾಲಮ್ಮನ್ನು ನೋಡಿ. ಪ್ರೊಸೆಸರ್ 95ರಿಂದ 100 ಡಿಗ್ರಿಯ ಸುತ್ತ ನಿಂತಿದ್ದರೆ ಅಥವಾ ಗ್ರಾಫಿಕ್ಸ್ ಕಾರ್ಡ್ 85 ದಾಟಿದ್ದರೆ ಪಕ್ಕದ ಬಾಗಿಲು ಬಿಚ್ಚುವ ಸಮಯ ಬಂದಿದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ, ಕೋಣೆಯೇ 35 ಡಿಗ್ರಿ ಇರುವಾಗ, ಜನವರಿಯಲ್ಲಿ ಸರಿಯಾಗಿದ್ದ ಯಂತ್ರವೂ ಮಿತಿ ದಾಟುತ್ತದೆ. ಪ್ಲಗ್ ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ರಷ್ಷಿನಿಂದ ಧೂಳು ತೆಗೆಯಿರಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಒಳಗೆ ತೂರಿಸಬೇಡಿ, ಅದರ ಸ್ಥಾಯೀ ವಿದ್ಯುತ್ ಬೋರ್ಡಿಗೆ ಅಪಾಯ. ಧೂಳು ತೆಗೆದರೂ ಪ್ರೊಸೆಸರಿನ ಬಿಸಿ ಇಳಿಯದಿದ್ದರೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು.

ಬಿಸಿ ಸರಿಯಿದ್ದೂ ಭಾರಿ ದೃಶ್ಯಗಳಲ್ಲೇ ಕಂಪ್ಯೂಟರ್ ತಟ್ಟನೆ ಆರಿಹೋದರೆ ವಿದ್ಯುತ್ತಿನ ಕಡೆ ತಿರುಗಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಮಾನಿಟರ್, ಪ್ರೊಸೆಸರ್, 200 ವ್ಯಾಟಿನ ಕಾರ್ಡ್ ಮೂರೂ ಒಟ್ಟಿಗೆ ಎಳೆದರೆ ಅದು ಕೀರಲು ದನಿ ಮಾಡಿ ಕೈಬಿಡುತ್ತದೆ. ಪರೀಕ್ಷೆಗಾಗಿ ಯುಪಿಎಸ್ ಬಿಟ್ಟು ಗೋಡೆಯ ಸಾಕೆಟ್ಟಿಗೆ ನೇರ ಹಾಕಿ ಆಡಿ. ಆಗ ನಿಲ್ಲದಿದ್ದರೆ ಯುಪಿಎಸ್ ಚಿಕ್ಕದಾಯಿತು ಎಂದೇ ಅರ್ಥ. ಆಗಲೂ ನಿಂತರೆ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) ನೋಡಬೇಕು. ಕಾರ್ಡ್ ತನ್ನ ಸ್ಲಾಟಿನಿಂದ ಪಡೆಯುವುದು ಗರಿಷ್ಠ 75 ವ್ಯಾಟ್. 6 ಪಿನ್ ತಂತಿ ಇನ್ನೂ 75, 8 ಪಿನ್ ತಂತಿ 150 ವ್ಯಾಟ್ ಸೇರಿಸುತ್ತವೆ. ಆಫೀಸಿನ ಚಿಕ್ಕ ಕ್ಯಾಬಿನೆಟ್ಟುಗಳಲ್ಲಿ ಆ ತಂತಿಗಳೇ ಇರುವುದಿಲ್ಲ. ಹಾರ್ಡ್ ಡಿಸ್ಕಿನ ತಂತಿಯಿಂದ ಅಡಾಪ್ಟರ್ ಹಾಕಿ ದೊಡ್ಡ ಕಾರ್ಡ್ ಓಡಿಸುವವರನ್ನು ನೋಡಿದ್ದೇನೆ. ಕನೆಕ್ಟರ್ ಕರಗುವ ವಾಸನೆ ಬರುವುದು ಅಲ್ಲಿಂದಲೇ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಅರ್ಥಿಂಗ್ ಸರಿಯಿಲ್ಲ. ಗೇಮಿನ ಮಾತು ಆಮೇಲೆ, ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಮೂರನೆಯದು ರ‍್ಯಾಮ್. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ; ಅದು ಏನೂ ಹೇಳದಿದ್ದರೂ ಅನುಮಾನ ಉಳಿದರೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ರ‍್ಯಾಮ್ ಅನುತ್ತೀರ್ಣವೇ. ಬಯೋಸಿನಲ್ಲಿ ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ ಮತ್ತೆ ಪರೀಕ್ಷಿಸಿ, ಆಮೇಲೆ ಒಂದೊಂದೇ ಸ್ಟಿಕ್ ಇಟ್ಟು ನೋಡಿ.

ಇಂಟೆಲ್ 13 ಅಥವಾ 14ನೇ ಪೀಳಿಗೆಯ ಐ7, ಐ9 ಇರುವವರಿಗೆ ಪ್ರತ್ಯೇಕ ಮಾತು. ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ “ಔಟ್ ಆಫ್ ವಿಡಿಯೋ ಮೆಮೊರಿ” ಎಂಬ ಸಂದೇಶ ಬಂದು ಗೇಮುಗಳು ನಿಲ್ಲುವುದು ಈ ಪ್ರೊಸೆಸರುಗಳ ಅಸ್ಥಿರತೆಯ ಹೆಸರಾಂತ ಲಕ್ಷಣ. ಇಂಟೆಲ್ 2024ರ ಆಗಸ್ಟ್‌ನಿಂದ ಇದಕ್ಕೆ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ತಂತ್ರಾಂಶ) ತಿದ್ದುಪಡಿಗಳನ್ನು ಕೊಟ್ಟಿದೆ, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದೆ. ತಿದ್ದುಪಡಿ ಬರುವುದು ಮದರ್‌ಬೋರ್ಡಿನ ಬಯೋಸ್ ಅಪ್‌ಡೇಟಿನ ಮೂಲಕ. ಆಗಲೇ ಸವೆದ ಪ್ರೊಸೆಸರನ್ನು ಅದು ಸರಿಪಡಿಸುವುದಿಲ್ಲವಾದ್ದರಿಂದ ತೊಂದರೆ ಮುಂದುವರಿದರೆ ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಬಯೋಸ್ ಅಪ್‌ಡೇಟನ್ನು ಯುಪಿಎಸ್ ಮೇಲೆಯೇ ಮಾಡಿ. ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ಸತ್ತುಹೋಗಬಹುದು.

## ಹಂತ 8: ತೀರಾ ಹಳೆಯ ಗೇಮುಗಳು

64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಇನ್‌ಸ್ಟಾಲರುಗಳು ಓಡುವುದಿಲ್ಲ, ನಕಲು ತಡೆಯುವ ಸೇಫ್‌ಡಿಸ್ಕ್ ರಕ್ಷಣೆ ಇರುವ ಹಳೆಯ ಸಿಡಿಗಳನ್ನು ವಿಂಡೋಸ್ 10 ಬೆಂಬಲಿಸುವುದಿಲ್ಲ. ಇಂಥವಕ್ಕೆ ಕಂಪ್ಯಾಟಿಬಿಲಿಟಿ ಮೋಡ್ ಹಾಕುತ್ತಾ ಕೂರುವುದು ವ್ಯರ್ಥ. ಅದೇ ಗೇಮಿನ ಮರುಬಿಡುಗಡೆ ಸಿಗುತ್ತದೆಯೇ ನೋಡಿ. ವಿಂಡೋಸಿಗೂ ಮುಂಚಿನ ಡಾಸ್ ಕಾಲದ್ದಾದರೆ ಅದನ್ನು ಅನುಕರಿಸುವ ಡಾಸ್‌ಬಾಕ್ಸ್ ಸಾಕು.

## ಹಂತ 9: ಅಂಗಡಿಗೆ ಒಯ್ಯುವಾಗ

ಇಷ್ಟಾದರೂ ಓಡದಿದ್ದರೆ ರಿಪೇರಿಗೆ ಕೊಡಬಹುದು. ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ಒಯ್ಯುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಬೇರೆ ಡಬ್ಬದಲ್ಲಿ ಇಟ್ಟುಕೊಳ್ಳಿ; ಭಾರವಾದ ಕಾರ್ಡ್ ರಸ್ತೆಯ ಪ್ರತಿ ಹಂಪ್‌ಗೂ ಜಗ್ಗಿ ಸ್ಲಾಟನ್ನು ಕಿತ್ತುಹಾಕಬಲ್ಲದು. ಕ್ಯಾಬಿನೆಟ್ಟನ್ನು ನಿಲ್ಲಿಸದೆ, ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ಒಯ್ಯುವುದು ಒಳ್ಳೆಯದು.

ನೋಟ್‌ಬುಕ್ಕಿನ ಪುಟದ ಒಂದು ನಕಲನ್ನು ಅಂಗಡಿಯವರ ಕೈಗೆ ಕೊಡಿ: ಯಾವ ಘಳಿಗೆಯಲ್ಲಿ ನಿಲ್ಲುತ್ತದೆ, ಎಕ್ಸೆಪ್ಶನ್ ಕೋಡ್ ಯಾವುದು, ಉಷ್ಣತೆ ಎಷ್ಟು, ಏನೇನು ಬದಲಿಸಿ ನೋಡಿದ್ದೀರಿ. “ಕೇಳದೆ ಫಾರ್ಮ್ಯಾಟ್ ಮಾಡಬಾರದು” ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಭಾಗ ಬದಲಿಸಿದರೆ ಹಳೆಯದನ್ನು ವಾಪಸ್ ಕೇಳಿ. ಹಣ ಕೊಡುವ ಮೊದಲು ವಿಂಡೋಸ್ ತೆರೆದು ತೋರಿಸಿದರೆ ಸಾಲದು. ನಿಮ್ಮ ಮನೆಯಲ್ಲಿ ನಿಲ್ಲುತ್ತಿದ್ದ ಅದೇ ಗೇಮನ್ನು, ಅದು ನಿಲ್ಲುತ್ತಿದ್ದ ಸಮಯಕ್ಕಿಂತ ಹೆಚ್ಚು ಹೊತ್ತು, ನಿಮ್ಮ ಎದುರಿನಲ್ಲೇ ಓಡಿಸಿ ತೋರಿಸಬೇಕು.